ರೇಷ್ಮೆ ಹೊದ್ದ ಕಂಪ್ಯೂಟರು

ನನಗೆ ಗೊತ್ತಿಲ್ಲದ ವಿಷಯಗಳು ಬೇಕಾದಷ್ಟಿವೆ. ಅದನ್ನು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಡುಗೆ ಗೊತ್ತಿಲ್ಲ, ಈಜು ಗೊತ್ತಿಲ್ಲ, ಸಂತೆಯಲ್ಲಿ ಬದನೆಕಾಯಿ ಆರಿಸಲು ಗೊತ್ತಿಲ್ಲ. ಮೂವತ್ತು ವರ್ಷದಿಂದ ಬೆಂಗಳೂರಿಗೆ ಓಡಾಡುತ್ತಿದ್ದರೂ ಆಂಧ್ರದ ನಮ್ಮ ಹಿಂದೂಪುರದ ಸ್ಟೇಷನ್ನಿನಲ್ಲಿ ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಈಗಲೂ ಪಕ್ಕದವರನ್ನು ಕೇಳುತ್ತೇನೆ. ಆದರೆ ಕಂಪ್ಯೂಟರ್ ಬಗ್ಗೆ ಮಾತ್ರ "ನನಗೆ ಗೊತ್ತಿಲ್ಲ" ಎಂದು ನನ್ನ ಬಾಯಲ್ಲಿ ಯಾರೂ ಹೇಳಿಸಲಾರರು. ಕಾರಣ ಇಷ್ಟೆ: ನಮ್ಮ ನೆಂಟರಿಷ್ಟರಲ್ಲಿ ಮೊಟ್ಟಮೊದಲು ಕಂಪ್ಯೂಟರ್ ತಂದವನು ನಾನು. ಮೊದಲು ತಂದವನಿಗೆ ಎಲ್ಲ ಗೊತ್ತಿರಲೇಬೇಕೆಂದು ಅವರು ನಂಬಿದರು. ಅವರು ನಂಬುವುದನ್ನು ವರ್ಷಗಟ್ಟಲೆ ನೋಡಿ ನೋಡಿ ನಾನೂ ನಂಬಿಬಿಟ್ಟೆ.

ನಮ್ಮದು ನೇಯ್ಗೆಯವರ ಮನೆ. ನಾನು ಮಗ್ಗದ ಮೇಲೆ ಕೂತದ್ದು ಕಡಿಮೆ. ಸೀರೆಯ ಅಂಚಿಗೂ ಸೆರಗಿಗೂ ಚಿತ್ತಾರ ಬರೆದುಕೊಡುವುದು ನನ್ನ ಕಸುಬು. ನಮ್ಮಪ್ಪ ಇದೇ ಕೆಲಸವನ್ನು ಚೌಕಳಿ ಕಾಗದದ ಮೇಲೆ ಮಾಡುತ್ತಿದ್ದರು. ಒಂದೊಂದೇ ಚೌಕಕ್ಕೆ ಕುಂಚದಿಂದ ಬಣ್ಣ ತುಂಬುತ್ತಾ ಕೂತರೆಂದರೆ ಒಂದು ನವಿಲು ಮುಗಿಯಲು ವಾರ ಹಿಡಿಯುತ್ತಿತ್ತು. ಆ ವಾರವೆಲ್ಲ ಮನೆಯಲ್ಲಿ ಯಾರೂ ಸೀನುವಂತಿರಲಿಲ್ಲ. ನಾನು ಅದನ್ನೇ ಕಂಪ್ಯೂಟರಿನಲ್ಲಿ ಮಾಡುತ್ತೇನೆ. ನಾನು ತುಂಬಿದ ಚೌಕಗಳ ಪ್ರಕಾರ ದಪ್ಪ ರಟ್ಟಿನ ಅಟ್ಟೆಗೆ ತೂತು ಹೊಡೆದು ಆ ಅಟ್ಟೆಗಳನ್ನು ಮಗ್ಗಕ್ಕೆ ಕಟ್ಟುತ್ತಾರೆ. ತೂತು ಇದ್ದಲ್ಲಿ ಎಳೆ ಏಳುತ್ತದೆ, ನವಿಲು ಮೂಡುತ್ತದೆ. ನೋಡುವವರು ನೇಯ್ದವನನ್ನು ಹೊಗಳುತ್ತಾರೆ, ಉಟ್ಟವಳನ್ನು ಹೊಗಳುತ್ತಾರೆ. ನವಿಲು ಬರೆದವನನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ನೇಯ್ಗೆಯವರ ಮನೆಯ ಎರಡು ಅಭ್ಯಾಸಗಳನ್ನು ನಿಮಗೆ ಹೇಳಲೇಬೇಕು, ಇಲ್ಲದಿದ್ದರೆ ನನ್ನನ್ನು ನೀವು ಬರೀ ದಡ್ಡ ಎಂದುಕೊಳ್ಳುವ ಅಪಾಯವಿದೆ. ಮೊದಲನೆಯದು, ರೇಷ್ಮೆ ಇರುವ ಕೋಣೆಯಲ್ಲಿ ಫ್ಯಾನ್ ಹಾಕುವುದಿಲ್ಲ. ಗಾಳಿಗೆ ಎಳೆ ಒಣಗಿ ಪಟಪಟ ಕಿತ್ತುಹೋಗುತ್ತದೆ. ಎಂಥ ಬೇಸಗೆಯಿರಲಿ, ಬೆವರು ಬೆನ್ನಿನ ಮೇಲೆ ಹರಿದರೂ ಸರಿ, ಕಿಟಕಿ ಮುಚ್ಚಿಯೇ ಕೂರಬೇಕು. ಚಿಕ್ಕಂದಿನಲ್ಲಿ ನಾನು ಒಂದು ಸಲ ಬೀಸಣಿಗೆ ಹಿಡಿದು ಮಗ್ಗದ ಹತ್ತಿರ ಹೋದದ್ದಕ್ಕೆ ಅಪ್ಪ ಅದೇ ಬೀಸಣಿಗೆಯಿಂದ ನನಗೆ ಬಾರಿಸಿದ್ದರು. ಎರಡನೆಯದು, ಮಗ್ಗದಿಂದ ಎದ್ದ ತಕ್ಷಣ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ, ಮೇಲೆ ಬಟ್ಟೆ ಮುಚ್ಚಬೇಕು. ಮುಚ್ಚದೆ ಎದ್ದುಹೋದವನಿಗೆ ನಮ್ಮಲ್ಲಿ ಹೆಣ್ಣು ಕೊಡಲೂ ಯೋಚಿಸುತ್ತಾರೆ. ಇನ್ನು ನಮ್ಮ ಬೀದಿಯಲ್ಲಿ ಹುಣಸೆಹಣ್ಣಿನ ಮಂಡಿಗಳು ಬೇರೆ ಇವೆ. ಹಣ್ಣು ಬಡಿಯುವ ಕಾಲ ಬಂತೆಂದರೆ ಧೂಳೂ ನಾರೂ ಸಿಪ್ಪೆಯ ಚೂರೂ ಹಾರಿ ಬಂದು ಅನ್ನದ ತಟ್ಟೆಯವರೆಗೂ ವಿಚಾರಿಸಿಕೊಂಡು ಹೋಗುತ್ತವೆ. ಹೀಗಾಗಿ ಕಂಪ್ಯೂಟರ್ ಮನೆಗೆ ಬಂದ ದಿನವೇ ನಾನು ಅದರ ಪೆಟ್ಟಿಗೆಗೊಂದು ಮುಸುಕು ಹೊಲಿಸಿದೆ. ಸಾಧಾರಣ ಬಟ್ಟೆಯದಲ್ಲ. ಮಿಕ್ಕಿದ್ದ ರೇಷ್ಮೆಯ ತುಂಡು, ಕೆಳಗೆ ಎರಡು ಬೆರಳಗಲದ ಜರಿ ಅಂಚು. ಬಟನ್ ಒತ್ತಲು ಮುಂದುಗಡೆ ಒಂದು ಸಣ್ಣ ಕಿಂಡಿ. ಕೆಲಸ ಮಾಡುವಾಗಲೂ ಆ ಮುಸುಕನ್ನು ನಾನು ತೆಗೆಯುತ್ತಿರಲಿಲ್ಲ.

ಮೊದಲು ಕೆಟ್ಟದ್ದು ಪರದೆ. ಒಂದು ಬೆಳಿಗ್ಗೆ ಹಾಕಿದರೆ ಎಲ್ಲ ಹಳದಿ! ಬಿಳಿ ಇರಬೇಕಾದ ಕಡೆಯೆಲ್ಲ ಅರಿಶಿಣ ಬಳಿದಂತೆ. ಹಿಂದಿನ ದಿನವಷ್ಟೇ ಕಸ ಗುಡಿಸಲೆಂದು ಸಾವಿತ್ರಿ, ಅಂದರೆ ನನ್ನ ಹೆಂಡತಿ, ಮೇಜು ಸರಿಸಿದ್ದಳು. ವೈರುಗಳನ್ನು ಮತ್ತೆ ನಾನೇ ಸಿಕ್ಕಿಸಿದ್ದೆ. ಮಾನಿಟರಿನ ವೈರು ಒಳಗೆ ಹೋಗಲು ಸ್ವಲ್ಪ ಹಟ ಮಾಡಿತು. ನಾನೂ ಹಟವಾದಿಯೇ, ಒತ್ತಿ ಕೂರಿಸಿದೆ. ಆದರೆ ಹಳದಿ ಕಂಡಾಗ ನನಗೆ ವೈರಿನ ನೆನಪಾಗಲಿಲ್ಲ. ನನ್ನದೇ ಕಣ್ಣಿಗೆ ಏನೋ ಆಗಿದೆ, ಇದು ಕಾಮಾಲೆಯೇ ಇರಬೇಕು ಎಂದು ತೀರ್ಮಾನಿಸಿದೆ. ಕಂಪ್ಯೂಟರ್ ಕೆಟ್ಟಿದೆ ಎನ್ನುವುದಕ್ಕಿಂತ ನನ್ನ ಪಿತ್ತಕೋಶ ಕೆಟ್ಟಿದೆ ಎಂದು ನಂಬುವುದು ನನಗೆ ಸುಲಭವಾಗಿತ್ತು, ಏಕೆಂದರೆ ಪಿತ್ತಕೋಶದ ಬಗ್ಗೆ ನಾನು ಎಂದೂ ಜಂಬ ಕೊಚ್ಚಿಕೊಂಡವನಲ್ಲ. ಮೂರು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೆಲನೆಲ್ಲಿಯ ರಸ ಕುಡಿದೆ, ಉಪ್ಪು ಎಣ್ಣೆ ಬಿಟ್ಟೆ. ನಾಲ್ಕನೆಯ ದಿನ ಮೊಸರನ್ನ ನೋಡಿದರೆ ಬೆಳ್ಳಗೇ ಇದೆ, ಗೋಡೆ ಬೆಳ್ಳಗಿದೆ, ಪರದೆ ಮಾತ್ರ ಹಳದಿ. ನನಗಿಲ್ಲ, ಕಾಮಾಲೆ ಮಾನಿಟರಿಗೆ ಎಂದು ಆಗ ಖಾತ್ರಿಯಾಯಿತು. ವಯಸ್ಸಾದ ಮಾನಿಟರು, ಹೀಗೇ ಇರಲಿ ಎಂದು ಬಿಟ್ಟೆ. ಹದಿನೈದು ದಿನದಲ್ಲಿ ಅದು ಹಳದಿ ಎನ್ನುವುದೇ ಮರೆತುಹೋಯಿತು.

ಅಷ್ಟರಲ್ಲಿ ಕಲ್ಯಾಣದುರ್ಗದಿಂದ ಶುಭ ಸುದ್ದಿ ಬಂತು. ಅಲ್ಲಿ ನನ್ನ ಬಾಮೈದ ನಾಗರಾಜ ಇದ್ದಾನೆ, ಸಾವಿತ್ರಿಯ ತಮ್ಮ, ಮಗ್ಗದವನು. ಅವನ ಮಗಳು ಶ್ರಾವಣಿಗೆ ಮದುವೆ ಗೊತ್ತಾಯಿತು. ಶ್ರಾವಣಿ ಅಲ್ಲಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಮಕ್ಕಳಿಗೆ ಮನೆ, ಸೂರ್ಯ, ತೆಂಗಿನಮರ ಬರೆಯಲು ಕಲಿಸುವುದು, ಅಷ್ಟೇ ಇರಬೇಕು ಎಂದು ನಾನು ಆ ಉದ್ಯೋಗವನ್ನು ಅಂದಾಜು ಮಾಡಿಟ್ಟಿದ್ದೆ. ನಿಶ್ಚಿತಾರ್ಥದ ಊಟದಲ್ಲಿ, ಹೋಳಿಗೆಯ ಎರಡನೆಯ ಸುತ್ತಿನಲ್ಲಿ, ನಾನು ಎಲ್ಲರಿಗೂ ಕೇಳುವಂತೆ ಘೋಷಿಸಿಬಿಟ್ಟೆ: "ಧಾರೆ ಸೀರೆ ಚಿತ್ತಾರ ನಂದು. ಇಂಥ ಸೀರೆ ಈ ಸೀಮೆಯಾಗೆ ಯಾರೂ ಉಟ್ಟಿರಬಾರ್ದು!" ಶ್ರಾವಣಿ ನಾಚಿಕೊಂಡು ಒಂದೇ ಒಂದು ಮಾತು ಹೇಳಿದಳು. "ಮಾವ, ಒಡಲು ಅರಿಶಿಣದ ಬಣ್ಣ ಇರ್ಲಿ, ಅಂಚು ಕೆಂಪು. ಅಷ್ಟೇ ನಂಗೆ ಆಸೆ."

ಹಿಂದೂಪುರಕ್ಕೆ ಬಂದವನೇ ಬಣ್ಣದ ಕೆಲಸಕ್ಕೆ ಕೂತೆ. ಕಂಪ್ಯೂಟರಿನ ಬಣ್ಣದ ಪೆಟ್ಟಿಗೆ ತೆರೆದರೆ ಆಶ್ಚರ್ಯ! ಸಾಲಾಗಿ ನಾಲ್ಕು ಹಳದಿಗಳಿವೆ. ಹಿಂದೆ ಇಷ್ಟು ಹಳದಿ ಇರಲಿಲ್ಲ. ಏನೋ ಹೊಸ ಅಪ್‌ಡೇಟ್ ಬಂದು ಜಾಸ್ತಿ ಹಳದಿ ಕೊಟ್ಟಿದ್ದಾರೆ, ಒಳ್ಳೆಯವರು ಎಂದುಕೊಂಡೆ. ನಾಲ್ಕರಲ್ಲಿ ತುದಿಯದು ಕಣ್ಣಿಗೆ ತುಂಬ ಹಿತವಾಗಿತ್ತು. ಅದನ್ನೇ ಒಡಲಿಗೆ ಸುರಿದು, ಅಂಚಿಗೆ ಕೆಂಪು ಹಚ್ಚಿ, ನಾಗರಾಜನಿಗೆ ಕಂಪ್ಯೂಟರಿನಿಂದಲೇ ಕಳಿಸಿದೆ. "ಇದರ ಪ್ರಕಾರ ರೇಷ್ಮೆ ಸಿದ್ಧ ಮಾಡಿ ಹಾಸು ಏರಿಸಿಕೋ, ಅಂಚು ಸೆರಗಿನ ಚಿತ್ತಾರ ವಾರದಲ್ಲಿ ಕಳಿಸುತ್ತೇನೆ" ಎಂದು ಕೆಳಗೆ ಬರೆದೆ. ಫೋನಿನಲ್ಲಿ ಒಂದು ಸಲ ತೆರೆದು ನೋಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವನು ಫೋನಿನಲ್ಲಿ ಯಾಕೆ ನೋಡುತ್ತಾನೆ? ಮಾರನೆಯ ದಿನ ಶ್ರಾವಣಿಗೆ ಫೋನ್ ಮಾಡಿ "ಬಣ್ಣ ಹೆಂಗೈತಮ್ಮ?" ಎಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ "ಚೆನ್ನಾಗೈತೆ ಮಾವ" ಎಂದಳು. ಹುಡುಗಿಗೆ ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಎಂದು ನಾನು ಸಾವಿತ್ರಿಗೆ ವಿವರಿಸಿದೆ.

ಸೆರಗಿಗೆ ಎರಡು ನವಿಲು, ನಡುವೆ ಒಂದು ಕಲಶ ಎಂದು ಯೋಜನೆ. ಬಲಗಡೆಯ ನವಿಲಿನ ಕೊಕ್ಕು ಮುಗಿದು ಕತ್ತಿಗೆ ಬಂದಿದ್ದೇನೆ, ಟಪ್ ಎಂದು ಕಂಪ್ಯೂಟರ್ ಆರಿಹೋಯಿತು. ಕರೆಂಟು ಹೋಯಿತೇ ಎಂದು ನೋಡಿದರೆ ಬಲ್ಬು ಉರಿಯುತ್ತಿದೆ. ಮತ್ತೆ ಹಾಕಿದೆ. ಹತ್ತು ನಿಮಿಷಕ್ಕೆ ಮತ್ತೆ ಟಪ್! ಮುಸುಕಿನ ಮೇಲೆ ಕೈಯಿಟ್ಟರೆ ದೋಸೆ ಹೆಂಚು. ಅಂದಿನಿಂದ ನನ್ನ ದಿನಚರಿಯೇ ಬದಲಾಯಿತು. ಹತ್ತು ನಿಮಿಷ ಕೆಲಸ, ಮುಕ್ಕಾಲು ಗಂಟೆ ವಿಶ್ರಾಂತಿ. ಸರಕಾರಿ ಕೆಲಸ ಸಿಗಲಿಲ್ಲವೆಂದು ಹಿಂದೆ ನಾನು ಕೊರಗಿದ್ದುಂಟು, ಆ ಕೊರಗೂ ತೀರಿತು. ಆದರೆ ಪ್ರತಿ ಸಲ ಆರಿದಾಗಲೂ ಉಳಿಸಿಟ್ಟುಕೊಳ್ಳದ ಚೌಕಗಳೆಲ್ಲ ಮಾಯವಾಗುತ್ತಿದ್ದವು. ಸೋಮವಾರ ಬರೆದ ಗರಿ ಮಂಗಳವಾರ ಇರುತ್ತಿರಲಿಲ್ಲ. ಮೂರು ಸಲ ಕಾಲು ಬರೆದೆ, ಮೂರು ಸಲವೂ ಹೋಯಿತು. ಕಾಲಿಲ್ಲದ ನವಿಲನ್ನೇ ನೇಯಿಸಿ "ಇದು ಕೂತಿರುವ ನವಿಲು" ಎಂದುಬಿಡೋಣವೇ ಎಂದೂ ಯೋಚಿಸಿದೆ.

ಸುಮ್ಮನೆ ಕೂರುವವನಲ್ಲ ನಾನು, ಚಿಕಿತ್ಸೆಗೆ ಇಳಿದೆ. ನೀರಿನ ಮಡಕೆ ತಣ್ಣಗಿರಲು ಕೆಳಗೆ ಒದ್ದೆ ಮರಳು ಹಾಕುವುದಿಲ್ಲವೇ, ಹಾಗೆ ಕಂಪ್ಯೂಟರಿನ ಕೆಳಗೆ ಒಂದು ತಟ್ಟೆಯಲ್ಲಿ ಒದ್ದೆ ಮರಳು ಹಾಕಿಟ್ಟೆ. ಎರಡನೆಯ ದಿನ ಬೆಕ್ಕು ಅದನ್ನು ತನಗಾಗಿ ಮಾಡಿದ ಏರ್ಪಾಡೆಂದು ತಿಳಿದು ಉಪಯೋಗಿಸಿತು. ಗೋಣಿಚೀಲ ನೆನೆಸಿ ಸುತ್ತಲೂ ಕಟ್ಟೋಣವೆಂದರೆ ಶಾಕ್ ಹೊಡೆಯುವ ಭಯ. ಸಾವಿತ್ರಿ ಒಂದು ಸಲ ಟೇಬಲ್ ಫ್ಯಾನ್ ಎತ್ತಿಕೊಂಡು ಬಾಗಿಲಲ್ಲಿ ನಿಂತು, "ಇದನ್ನಾದ್ರೂ ಆಕಿ ನೋಡಾನ..." ಎಂದಳು. ರೇಷ್ಮೆ ಇರುವ ಕೋಣೆಗೆ ಫ್ಯಾನ್ ತರುತ್ತೀಯಾ, ನೇಕಾರರ ಮನೆಯ ಮಗಳಾಗಿ ನಿನಗೆ ಅಷ್ಟೂ ತಿಳಿಯದೇ ಎಂದು ನಾನು ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. ಅವಳು ಫ್ಯಾನನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗಿ ತನಗೆ ಹಾಕಿಕೊಂಡಳು.

ಕೊನೆಗೆ ಬಜಾರಿನ ಮೆಕಾನಿಕ್ಕನ್ನು ಕರೆಸಿದೆ. ತಲೆ ನರೆತ, ಅನುಭವಸ್ಥ ಮನುಷ್ಯ. ಮುಸುಕನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಸಾರ್, ಒಕಸಾರಿ ಓಪನ್ ಚೇಸಿ ಕ್ಲೀನ್ ಚೇದ್ದಾಂ" ಎಂದ. ಬಿಚ್ಚಿ ಸ್ವಚ್ಛ ಮಾಡೋಣ ಎಂಬ ಆ ಒಂದು ಮಾತು ನನಗೆ ಎಲ್ಲಿಗೋ ನಾಟಿತು. ಸ್ವಚ್ಛ? ನನ್ನ ಕಂಪ್ಯೂಟರನ್ನು? ಹುಟ್ಟಿದಾಗಿನಿಂದ ರೇಷ್ಮೆ ಹೊದ್ದು ಕೂತಿದೆ, ಒಂದು ಕಣ ಧೂಳು ಒಳಗೆ ಹೋಗಿದ್ದರೆ ಕೇಳು ಎಂದೆ. ಅವನು ವಾದಿಸಲಿಲ್ಲ. ಕಾಫಿ ಕುಡಿದು, ಮುಸುಕಿನ ಜರಿ ಎಲ್ಲಿಯದೆಂದು ವಿಚಾರಿಸಿಕೊಂಡು ಹೋದ.

ಇತ್ತ ನಾಗರಾಜ ದಿನಾ ಫೋನ್ ಮಾಡತೊಡಗಿದ. ಮದುವೆಗೆ ಉಳಿದದ್ದು ಒಂದು ತಿಂಗಳು, ನೇಯಲು ಇಪ್ಪತ್ತು ದಿನವಾದರೂ ಬೇಕು, ಹಾಸು ಏರಿಸಿದ ಮಗ್ಗ ಸುಮ್ಮನೆ ನಿಂತಿದೆ. ಆದರೆ ಪುಣ್ಯಾತ್ಮ ಅದನ್ನು ಬಾಯಿಬಿಟ್ಟು ಕೇಳಬೇಕಲ್ಲ! "ಭಾವ, ಆರಾಮಾ? ಊಟ ಆಯ್ತಾ? ಅಲ್ಲಿ ಬಿಸ್ಲು ಹೆಂಗೈತೆ?" ಇಷ್ಟೇ. ನಾನು "ಬಿಸಿಲು ಜಾಸ್ತಿ ಕಣಪ್ಪ" ಎನ್ನುತ್ತಿದ್ದೆ, ಅವನು "ಇಲ್ಲೂ ಅಷ್ಟೇ ಭಾವ" ಎನ್ನುತ್ತಿದ್ದ, ಇಬ್ಬರೂ ಫೋನ್ ಇಡುತ್ತಿದ್ದೆವು. ಎಂಟು ದಿನ ಹೀಗೆ ಹವಾಮಾನ ವಿನಿಮಯ ಮಾಡಿಕೊಂಡ ಮೇಲೆ ನನಗೇ ತಡೆಯಲಾಗಲಿಲ್ಲ. ಮಗುವಿನ ಧಾರೆಗೆ ಸೀರೆಯಿಲ್ಲದಂತಾದರೆ ಆ ಮನೆಯಲ್ಲಿ ಯಾವ ಮುಖ ಹೊತ್ತು ಊಟಕ್ಕೆ ಕೂರಲಿ? ಕಂಪ್ಯೂಟರನ್ನೇ ಕಲ್ಯಾಣದುರ್ಗಕ್ಕೆ ಹೊತ್ತುಕೊಂಡು ಹೋಗಿ, ಮಗ್ಗದ ಪಕ್ಕದಲ್ಲೇ ಕೂತು, ಹತ್ತು ಹತ್ತು ನಿಮಿಷವಾದರೂ ಸರಿ, ಮುಗಿಸಿಕೊಟ್ಟು ಬರುತ್ತೇನೆಂದು ಹೊರಟೆ.

ಮಾನಿಟರನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ ಸಾವಿತ್ರಿ ತೊಡೆಯ ಮೇಲಿಟ್ಟುಕೊಂಡಳು. ಕಂಪ್ಯೂಟರಿನ ಪೆಟ್ಟಿಗೆಯನ್ನು ಮುಸುಕಿನ ಸಮೇತ ನಾನು ಎದೆಗವಚಿಕೊಂಡು ಬಸ್ ಹತ್ತಿದೆ. ಜನ ತುಂಬಿದ್ದರು. ಕಂಡಕ್ಟರ್ ಆ ಜರಿಯ ಮುಸುಕನ್ನು ನೋಡಿ ದನಿ ತಗ್ಗಿಸಿ "ಏ ದೇವುಡು ಸಾರ್?" ಎಂದ. ಯಾವ ದೇವರು ಎಂದು ಕೇಳಿದವನಿಗೆ ಇದು ಕಂಪ್ಯೂಟರ್ ಎಂದು ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಮುಂದಿನ ಸೀಟಿನಲ್ಲಿದ್ದ ಇಬ್ಬರು ಎದ್ದು ಜಾಗ ಬಿಟ್ಟರು. ಸತ್ಯ ಹೇಳುವುದಕ್ಕೂ ಒಂದು ಹೊತ್ತು ಇದೆ. "ನಮ್ಮನೆದು" ಎಂದಷ್ಟೇ ಹೇಳಿ ಕೂತೆ. ಪೆನುಕೊಂಡದಲ್ಲಿ ಬಸ್ ಬದಲಿಸುವ ಹೊತ್ತಿಗೆ ಒಬ್ಬ ಮುದುಕಿ ತನ್ನ ಮುಡಿಯ ಕನಕಾಂಬರದ ತುಂಡು ಬಿಚ್ಚಿ ಮುಸುಕಿನ ಮೇಲಿಟ್ಟು ಕೈಮುಗಿದಳು, ಆಮೇಲೆ ನನ್ನ ಕಡೆ ತಿರುಗಿ ಮೊಮ್ಮಗನ ಪರೀಕ್ಷೆಗೆ ಒಳ್ಳೆಯದಾಗಲೆಂದು ಹೇಳಿ ಎಂದಳು. ಆ ಪೆಟ್ಟಿಗೆಗೆ ನನ್ನ ನವಿಲಿನ ಕಾಲನ್ನೇ ಉಳಿಸಿಕೊಳ್ಳಲಾಗಿರಲಿಲ್ಲ. ಸಾವಿತ್ರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಭುಜ ಅಲುಗುತ್ತಿದ್ದುದು ಬಸ್ಸಿನ ಕುಲುಕಾಟಕ್ಕೋ ಬೇರೆ ಕಾರಣಕ್ಕೋ ನಾನು ವಿಚಾರಿಸಲಿಲ್ಲ.

ಹೆಣ್ಣು ಕೊಟ್ಟ ಮನೆಗೆ ಅಳಿಯ ಹೋದರೆ ಏನಾಗುತ್ತದೆಂದು ನಿಮಗೆ ಗೊತ್ತು. ಕಾಲಿಗೆ ನೀರು, ಕೈಗೆ ಟವಲು, ಬೆನ್ನಿಗೆ ದಿಂಬು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನಾಗರಾಜ ನನ್ನ ಮುಂದೆ ಕುರ್ಚಿಯ ಮೇಲೆ ಕೂರುವುದಿಲ್ಲ. ನಾನು ಬೆಳಗಿನ ಹೊತ್ತು "ಏನು ಬೆಳದಿಂಗಳು!" ಎಂದರೂ ಅವನು ತಲೆಯೆತ್ತಿ ನೋಡಿ "ಹೂಂ ಭಾವ, ತಂಪಾಗೈತೆ" ಎನ್ನುವ ಮನುಷ್ಯ. ಈ ಮರ್ಯಾದೆ ನನಗೆ ಬಹಳ ಇಷ್ಟವಾಗಿತ್ತು. ಒಬ್ಬಟ್ಟಿನ ಸಾರು, ಹಪ್ಪಳ, ತುಪ್ಪ ಎಲ್ಲ ಆಗುವವರೆಗೆ ಚಿತ್ತಾರದ ಮಾತು ಯಾರೂ ಎತ್ತಲಿಲ್ಲ. ಮಗ್ಗದ ಕೋಣೆಯ ಬಾಗಿಲು ಮುಂದಕ್ಕೆ ಹಾಕಿತ್ತು. ನಾನು ಆ ಕಡೆ ಹೆಜ್ಜೆಯಿಟ್ಟರೆ ನಾಗರಾಜ ಗಾಬರಿಯಾಗಿ, "ಮೊದ್ಲು ಕಂಪ್ಯೂಟ್ರು ನೋಡಾನ ಭಾವ" ಎಂದು ಕೈ ಹಿಡಿದು ತಿರುಗಿಸಿದ.

ನಡುಮನೆಯಲ್ಲಿ ಎಲ್ಲ ಜೋಡಿಸಿ ಹಾಕಿದೆ. ಹತ್ತು ನಿಮಿಷ. ಟಪ್! ಶ್ರಾವಣಿ ಅಲ್ಲೇ ನಿಂತಿದ್ದಳು. "ಮಾವ, ನೀವು ಬೇಜಾರು ಮಾಡ್ಕೊಳ್ಳಲ್ಲ ಅಂದ್ರೆ ಒಂದ್ಸಲ ಬಿಚ್ಚಿ ನೋಡ್ಲಾ?" ಎಂದಳು. ಮದುಮಗಳು, ಇಲ್ಲವೆನ್ನಲಾಗಲಿಲ್ಲ. "ಏನೂ ಇರಲ್ಲಮ್ಮ, ನೋಡು" ಎಂದು ದೊಡ್ಡ ಮನಸ್ಸು ಮಾಡಿದೆ. ಅವಳು ಮುಸುಕು ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ಪಕ್ಕದ ತಗಡನ್ನು ಸರಿಸಿದಳು. ಒಳಗಿದ್ದುದನ್ನು ಕಂಡು ಮನೆಯವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಕಂಪ್ಯೂಟರ್ ಹೊರಗೆ ಹೊದ್ದದ್ದು ಸಾಲದೆಂದು ಒಳಗೂ ಹೊದ್ದಿತ್ತು. ರೇಷ್ಮೆಯ ನವಿರು, ಹುಣಸೆಯ ನಾರು, ಧೂಳು ಎಲ್ಲ ಸೇರಿ ಬೂದು ಬಣ್ಣದ ಕಂಬಳಿಯೇ ಆಗಿತ್ತು. ನಡುವೆ ಇರುವ ಚಿಕ್ಕ ಫ್ಯಾನು ಆ ಕಂಬಳಿಯೊಳಗೆ ಹುದುಗಿ ತಿಣುಕುತ್ತಾ ತಿರುಗುತ್ತಿತ್ತಂತೆ. ಶ್ರಾವಣಿ ಕುಂಚದಿಂದ ಮೆಲ್ಲಗೆ ಗುಡಿಸಿ ತೆಗೆದು ಕಾಗದದ ಮೇಲೆ ಹಾಕುತ್ತಾ ಹೋದಳು. "ಒಳಗಿರೋ ಬಿಸಿ ಗಾಳಿ ಹೊರಗೆ ಹೋಗ್ಬೇಕು ಮಾವ. ಹೋಗ್ದಿದ್ರೆ ಸುಟ್ಟೋಗ್ಬಾರ್ದು ಅಂತ ತಾನೇ ಆಫ್ ಆಗ್ಬುಡ್ತದೆ" ಎಂದಳು. ಅಷ್ಟು ಹೇಳಿ ಹಿಂಭಾಗದ ಫ್ಯಾನಿನ ಕಡೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು. "ಇದೇನಿದು? ಫ್ಯಾನು ಕಟ್ಟಾಕವ್ರೆ!"

ಆ ಕ್ಷಣದಲ್ಲಿ ನನಗೆ ನೆನಪಾಯಿತು. ಕಂಪ್ಯೂಟರ್ ಬಂದ ಹೊಸದರಲ್ಲಿ ಆ ಹಿಂದಿನ ಫ್ಯಾನು ಸದಾ ಗೊರಗೊರ ಎನ್ನುತ್ತಿತ್ತು. ರೇಷ್ಮೆಯ ಕೋಣೆಯಲ್ಲಿ ಗಾಳಿ ಬೀಸುವ ಆ ಚಿಕ್ಕ ಶತ್ರುವನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಜಾಲರಿಯ ಸಂದಿನಿಂದ ಎರಡೆಳೆ ರೇಷ್ಮೆ ದಾರ ತೂರಿಸಿ, ಅದರ ರೆಕ್ಕೆಗಳನ್ನು ಜಾಲರಿಗೆ ಬಿಗಿದು ಕಟ್ಟಿದ್ದೆ. ಏನು ಶಾಂತಿ! ಆಮೇಲೆ ಆ ವಿಷಯವನ್ನೇ ಮರೆತಿದ್ದೆ. ಈಗ ಇದನ್ನೆಲ್ಲ ಹೇಳಿಬಿಡಬಹುದಿತ್ತು. ನಾನು ಹೇಳಿದ್ದು, "ಹಿಂದೂಪುರದ ಮೆಕಾನಿಕ್ ಒಬ್ಬ ಬಂದಿದ್ದನಲ್ಲ, ಅವನ ಕೈ ಸರಿಯಿಲ್ಲ" ಎಂದು. ಕಾಫಿ ಮಾತ್ರ ಕುಡಿದು ಹೋದ ಆ ಸಜ್ಜನ ನನ್ನನ್ನು ಕ್ಷಮಿಸಲಿ. ನಾಗರಾಜ ಬಗ್ಗಿ ಆ ದಾರವನ್ನು ಬೆರಳಿನಿಂದ ಸವರಿದ. ನೇಕಾರನಿಗೆ ಗಂಟು ಎಂದರೆ ಸಹಿ ಇದ್ದ ಹಾಗೆ. ಎಳೆ ಕಿತ್ತಾಗ ಒಬ್ಬೊಬ್ಬರದು ಒಂದೊಂದು ತರಹ, ನೋಡಿದರೆ ಯಾರ ಮನೆಯದೆಂದು ಹೇಳಿಬಿಡುತ್ತಾರೆ. ನಮ್ಮಪ್ಪ ಕಲಿಸಿದ ಗಂಟಿಗೆ ಕೊನೆಯಲ್ಲಿ ಒಂದು ಸುತ್ತು ಜಾಸ್ತಿ, ಅದು ನಾಗರಾಜನಿಗೆ ಚೆನ್ನಾಗಿ ಗೊತ್ತು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ, "ಯಾರೋ ಒಳ್ಳೇ ನೇಕಾರನೇ ಕಟ್ಟವ್ನೆ ಭಾವ. ಇಷ್ಟ್ ವರ್ಷ ಆದ್ರೂ ಸಡಿಲ ಆಗಿಲ್ಲ ನೋಡಿ, ಏನ್ ಕೈಚಳಕ!" ಎಂದ. ಸ್ವಲ್ಪ ತಡೆದು, ಅದೂ ನನಗೆ ಮುಜುಗರವಾದೀತೆಂದೋ ಏನೋ, "ಇಲ್ಲಾಂದ್ರೆ ಇಲಿ ಕಟ್ಟಿರ್ಬೋದು" ಎಂದೂ ಸೇರಿಸಿದ.

ದಾರ ಕತ್ತರಿಸಿದ ಮೇಲೆ ಕಂಪ್ಯೂಟರ್ ಹತ್ತು ನಿಮಿಷ ದಾಟಿತು, ಅರ್ಧ ಗಂಟೆ ದಾಟಿತು. ಶ್ರಾವಣಿ ಪರದೆಯನ್ನು ದಿಟ್ಟಿಸಿ ನೋಡುತ್ತಿದ್ದಳು. "ಮಾವ, ನಿಮ್ಗೆ ಇದು ಯಾವಾಗ್ಲೂ ಹಿಂಗೇ ಹಳದಿಯಾಗಿ ಕಾಣ್ತಿತ್ತಾ?" ಎಂದು ಕೇಳಿದಳು. ಅವಳ ದನಿಯಲ್ಲಿ ಏನೋ ಒಂದು ಆಸೆ ಇತ್ತು, ನನಗೆ ಅರ್ಥವಾಗಲಿಲ್ಲ. ನಾನು ಕಾಮಾಲೆಯ ಕತೆ ಶುರುಮಾಡಿದೆ. ಅವಳು ಕೇಳಿಸಿಕೊಳ್ಳದೆ ಮಾನಿಟರಿನ ವೈರು ಕಿತ್ತು, ಅದರ ತುದಿಯ ಸೂಜಿಯಂಥ ಕಡ್ಡಿಗಳನ್ನು ಬೆಳಕಿಗೆ ಹಿಡಿದಳು. ಒಂದು ಕಡ್ಡಿ ಪಕ್ಕಕ್ಕೆ ಮಲಗಿಬಿಟ್ಟಿತ್ತು, ನಾನು ಹಟಕ್ಕೆ ಬಿದ್ದು ಒತ್ತಿದ್ದರ ಫಲ. ನೀಲಿ ಬಣ್ಣ ಬರುವ ದಾರಿ ಅದಂತೆ. ನೀಲಿ ಬರದಿದ್ದರೆ ಬಿಳಿಯೆಲ್ಲ ಹಳದಿಯಾಗಿ ಕಾಣುತ್ತದಂತೆ. ನಾಗರಾಜ ಸೀರೆಯ ಗಂಟುಬಿದ್ದ ಎಳೆ ಕೀಳುವ ಚಿಮುಟ ತಂದುಕೊಟ್ಟ. ಶ್ರಾವಣಿ ಉಸಿರು ಬಿಗಿಹಿಡಿದು ಆ ಕಡ್ಡಿಯನ್ನು ನೆಟ್ಟಗೆ ಮಾಡಿ ಮತ್ತೆ ಸಿಕ್ಕಿಸಿದಳು.

ಪರದೆ ಬೆಳ್ಳಗಾಯಿತು. ನನ್ನ ಧಾರೆ ಸೀರೆಯ ಚಿತ್ರ ತೆರೆದೇ ಇತ್ತು, ಅದೂ ಬೆಳ್ಳಗಾಯಿತು. ಅಚ್ಚ ಬಿಳಿಯ ಒಡಲು, ಕೆಂಪು ಅಂಚು. "ಯಾರು ಬದಲಾಯಿಸಿದ್ದು ಇದನ್ನ?" ಎಂದೆ. ನಾಗರಾಜ ನೆಲ ನೋಡುತ್ತಿದ್ದ. ನಾನು ಎದ್ದು ಹೋಗಿ ಮಗ್ಗದ ಕೋಣೆಯ ಬಾಗಿಲು ತಳ್ಳಿದೆ. ಮಗ್ಗದ ಮೇಲೆ ಮುಚ್ಚಿದ ಬಟ್ಟೆ ಎತ್ತಿದರೆ ಉದ್ದಕ್ಕೂ ಬಿಳಿ ರೇಷ್ಮೆಯ ಹಾಸು. ಧಾರೆಗೆ ಕೂರುವ ಹೆಣ್ಣಿಗೆ ನಮ್ಮ ಮನೆಗಳಲ್ಲಿ ಬರೀ ಬಿಳಿ ಉಡಿಸುವುದಿಲ್ಲ, ಇದು ಆ ಮನೆಯ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮೂರು ವಾರ ಅದನ್ನು ಏರಿಸಿಕೊಂಡು ಬಾಗಿಲು ಮುಚ್ಚಿ ಕೂತಿದ್ದರು.

"ಯಾಕೋ ನನ್ನನ್ನ ಒಂದ್ ಮಾತು ಕೇಳ್ಲಿಲ್ಲ?" ಎಂದೆ.

"ಭಾವ ಕಳ್ಸಿದ್ ಮ್ಯಾಲೆ ಹೆಂಗ್ ಕೇಳಾದು?" ಎಂದ ನಾಗರಾಜ. "ಬೀಗರೂ ಕೇಳಿದ್ರು, ಇದೇನು ಬಿಳೀದು ಅಂತ. ಹಿಂದೂಪುರದಾಗೆ ಈಗ ಇದೇ ಫ್ಯಾಷನ್ನು, ನಮ್ ಭಾವಂಗೆ ಎಲ್ಲಾ ಗೊತ್ತೈತೆ ಅಂದೆ."

ಶ್ರಾವಣಿಯ ಕಡೆ ತಿರುಗಿದೆ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನೀನು ಚೆನ್ನಾಗೈತೆ ಅಂದೆಯಲ್ಲಮ್ಮ?" ಎಂದರೆ, "ನೀವು ಆಸೆಯಿಂದ ಮಾಡಿದ್ದು, ನೊಂದ್ಕೊಂತೀರ ಅಂತ ಸುಮ್ನಾದೆ ಮಾವ" ಎಂದಳು. ನನಗೆ ಆಗ ಆದ ನಾಚಿಕೆಯನ್ನು ಯಾವ ಹಾಸ್ಯಕ್ಕೂ ತಿರುಗಿಸಲಾರೆ. ಆ ಮಗು ತನ್ನ ಒಂದೇ ಒಂದು ಆಸೆಯನ್ನು ನುಂಗಿಕೊಂಡು, ನನ್ನ ಜಂಬಕ್ಕೆ ಪೆಟ್ಟಾಗದಂತೆ ಕಾಯ್ದಿತ್ತು. ನನ್ನ ಎದುರಿಗೆ ನಿಂತು "ಇದು ತಪ್ಪು" ಎನ್ನಲು ಆ ಮನೆಯಲ್ಲಿ ಒಬ್ಬರಿಗೂ ಬಾಯಿ ಬರದಂತೆ ಇಪ್ಪತ್ತೆಂಟು ವರ್ಷ ನಾನು ದಿಂಬಿಗೊರಗಿ ಕೂತಿದ್ದೆ. ಕಣ್ಣು ತೇವವಾಯಿತು. ಧೂಳು ಎಂದು ಹೇಳಿಕೊಳ್ಳಲು ಕಾರಣ ಕಾಗದದ ಮೇಲೆ ರಾಶಿ ಬಿದ್ದಿತ್ತು, ಆದರೆ ಹೇಳಲಿಲ್ಲ. "ತಪ್ಪು ನಂದು. ಫ್ಯಾನು ಕಟ್ಟಿದ್ದೂ ನಾನೇ" ಎಂದೆ. ನಾಗರಾಜ ಅಭ್ಯಾಸಬಲದಿಂದ "ಹೂಂ ಭಾವ" ಎಂದುಬಿಟ್ಟು, ನಾಲಗೆ ಕಚ್ಚಿಕೊಂಡ.

ದಾರಿ ಹೇಳಿದವಳು ಸಾವಿತ್ರಿ. ಅವಳು ಹಾಸಿನ ಎಳೆಗಳ ಮೇಲೆ ಕೈಯಾಡಿಸಿ, "ಹಾಸು ಬಿಳೀದೇ ಇರ್ಲಿ ಕಣಪ್ಪ. ಹೊಕ್ಕಿಗೆ ಗಟ್ಟಿ ಅರಿಶಿಣದ್ದು ಹಾಕು. ನೇಯ್ದಂಗೆ ನೇಯ್ದಂಗೆ ಬಣ್ಣ ತಾನೇ ಕೂಡ್ಕೊಂತದೆ" ಎಂದಳು. ಅಂದೇ ಸಂಜೆ ಹೊಕ್ಕಿನ, ಅಂದರೆ ಅಡ್ಡಕ್ಕೆ ನೇಯುವ ಎಳೆಯ, ರೇಷ್ಮೆ ಬಣ್ಣಕ್ಕೆ ಹೋಯಿತು. ನಾನು ಎರಡೇ ದಿನದಲ್ಲಿ ಎರಡು ನವಿಲುಗಳನ್ನೂ ಕಾಲುಸಮೇತ ಮುಗಿಸಿದೆ. ಮೊದಲ ಗೇಣು ನೇಯ್ದಾಗ ನೋಡಿದೆವು: ಹಾಲಿಗೆ ಅರಿಶಿಣ ಕದಡಿದಂತೆ ತಿಳಿಯಾದ ಬಣ್ಣ. ಬೆಳಕಿಗೆ ತಿರುಗಿಸಿದರೆ ಒಂದು ಸಲ ಬಿಳಿ, ಒಂದು ಸಲ ಚಿನ್ನ. ಶ್ರಾವಣಿ ಅದನ್ನು ಕೆನ್ನೆಗೊತ್ತಿಕೊಂಡು ನಕ್ಕಳು. ಈ ಸಲ ಕೇಳದೆಯೇ "ಚೆನ್ನಾಗೈತೆ ಮಾವ" ಎಂದಳು.

ಮದುವೆಯಲ್ಲಿ ಹೆಂಗಸರೆಲ್ಲ ಆ ಸೀರೆಯ ಅಂಚು ಹಿಡಿದು ಹಿಡಿದು ನೋಡಿದರು. ಬೀಗರಲ್ಲಿ ಒಬ್ಬರು "ಈ ಕಲರ್ ಐಡಿಯಾ ಎವರಿದಂಡಿ?" ಎಂದು, ಈ ಉಪಾಯ ಯಾರದೆಂದು, ಕೇಳಿದರು. ನಾಗರಾಜ ಎದೆಯುಬ್ಬಿಸಿ ನನ್ನ ಕಡೆ ಕೈ ತೋರಿಸಿದ. ನಾನು ಇಲ್ಲ, ಇದು ನನ್ನ ಹೆಂಡತಿಯದು ಎಂದು ಹೇಳಬೇಕೆಂದು ಬಾಯಿ ತೆರೆದೆ. ನನ್ನ ಬಾಯಿಂದ ಹೊರಟದ್ದು, ಹಾಸು ಹೊಕ್ಕಿನ ಬಣ್ಣ ಬೇರೆ ಬೇರೆ ಇಡುವುದರ ಹಿಂದಿನ ತತ್ವದ ಬಗ್ಗೆ ಕಾಲು ಗಂಟೆಯ ವಿವರಣೆ. ಸಾವಿತ್ರಿ ಅಲ್ಲೇ ತಾಂಬೂಲ ಹಂಚುತ್ತಿದ್ದಳು.

ಹಿಂದೂಪುರಕ್ಕೆ ಬಂದ ಮೇಲೆ ಅದು ನನ್ನನ್ನು ಚುಚ್ಚುತ್ತಲೇ ಇತ್ತು. ಒಂದು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. "ಸಾವಿತ್ರಿ, ಆ ಬಣ್ಣದ ಹೆಸರು ನಿನಗೆ ಸಲ್ಲಬೇಕಿತ್ತು, ನಾನು ತಿಂದುಹಾಕಿದೆ. ಇನ್ನು ಮೇಲೆ ನಾನು ಎಲ್ಲಿ ತಪ್ಪಿದರೂ ಮುಲಾಜಿಲ್ಲದೆ ಹೇಳಿಬಿಡು" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಜವಾಗ್ಲೂ ಹೇಳ್ಲಾ?"

"ಹೇಳು."

"ಮಧ್ಯದಾಗೆ ಬಾಯಿ ಹಾಕಾಕಿಲ್ಲ ತಾನೆ?"

"ಇಲ್ಲ."

ಅವಳು ಒಲೆ ಆರಿಸಿದಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಕುರ್ಚಿ ಎಳೆದುಕೊಂಡು ಆರಾಮವಾಗಿ ಕೂತು, "ನಮ್ ಮದ್ವೆ ದಿನ ಬೆಳಿಗ್ಗೆ ನೀವು ಚಪ್ಪರದಾಗೆ ಬಂದು ನಿಂತ್ಕಂಡ್ರಲ್ಲ, ಅಲ್ಲಿಂದ ಶುರು ಮಾಡ್ತೀನಿ" ಎಂದಳು. ಇಂದಿಗೆ ಐದನೆಯ ದಿನ. ನಾವಿನ್ನೂ ಹಸೆಮಣೆಯಿಂದ ಎದ್ದಿಲ್ಲ.